ಹಾಡಿನ ಸುರುಳಿಗೂ ಒಂದು ಹುಟ್ಟುಹಬ್ಬ



ಮಕ್ಕಳ ಹುಟ್ಟುಹಬ್ಬ, ನಮ್ಮ ಮದುವೆಯ ದಿನ, ಹಿರಿಯರ ತಿಥಿ, ಗೃಹಪ್ರವೇಶವಾದ ದಿನ, ಇವನ್ನೆಲ್ಲ ಮನೆಯಲ್ಲಿ ನೆನಪಿಟ್ಟುಕೊಳ್ಳುವವರು ಯಾರು? ನಾವೇ ತಾನೇ! ಯಜಮಾನರು ಮರೆತರೂ ನಾವು ಮರೆಯುವುದಿಲ್ಲ. ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಒಂದು ಗುರುತು ಹಾಕಿಟ್ಟಿರುತ್ತೇವೆ. ಆದರೆ ಅಲಮಾರಿನಲ್ಲಿ ಹಳೇ ಬಟ್ಟೆ ಗಂಟಿನ ಹಿಂದೆ ಕೂತಿರುವ ಹಾಡಿನ ಕ್ಯಾಸೆಟ್ಟಿಗೆ ಎಷ್ಟು ವಯಸ್ಸಾಯಿತು ಅಂತ ಯಾವತ್ತಾದರೂ ಎಣಿಸಿದ್ದೀರಾ? ನಗಬೇಡಿ. ಈ ಸಲ ನಾನು ಆ ವಿಷಯವನ್ನೇ ಹಿಡಿದು ಕೂತಿದ್ದೇನೆ. ಯಾಕೆಂದರೆ 2028ಕ್ಕೆ ನಮ್ಮ ಕನ್ನಡದ ಒಂದು ಧ್ವನಿಸುರುಳಿಗೆ 50 ವರ್ಷ ತುಂಬುತ್ತದೆ. ಅಷ್ಟರೊಳಗೆ ನಮ್ಮ ನಮ್ಮ ಮನೆಯಲ್ಲಿ ಮಾಡಿ ಮುಗಿಸಬೇಕಾದ ಒಂದು ಕೆಲಸವೂ ಇದೆ.

ಹೊರದೇಶದಲ್ಲಿ ಹಾಡಿನ ಪ್ಲೇಟುಗಳ ಹುಟ್ಟಿದ ದಿನ ಆಚರಿಸುವ ಪದ್ಧತಿ ಚೆನ್ನಾಗಿ ಬೇರೂರಿದೆ. ಅದರಲ್ಲೂ ಜಾಝ್ ಮತ್ತು ರಾಕ್ ಸಂಗೀತದವರಲ್ಲಿ. ಜಾಝ್ ಅಂದರೆ ಅಮೆರಿಕದ ಕಪ್ಪುಜನರಿಂದ ಹುಟ್ಟಿದ ಸಂಗೀತ. ನಮ್ಮ ವಿದ್ವಾಂಸರು ಒಂದು ರಾಗ ಹಿಡಿದು ಮನೋಧರ್ಮದಂತೆ ಬೆಳೆಸುತ್ತಾರಲ್ಲ, ಅವರೂ ಹಾಗೆಯೇ ಒಂದು ಧಾಟಿ ಹಿಡಿದು ಬೆಳೆಸುತ್ತಾ ಹೋಗುತ್ತಾರೆ. ರಾಕ್ ಅಂದರೆ ಗಿಟಾರು, ಡ್ರಮ್ಮುಗಳ ಜೋರಿನದು. ಮೈಲ್ಸ್ ಡೇವಿಸ್ ಎಂಬ ಟ್ರಂಪೆಟ್ ವಾದಕರು 1959ರಲ್ಲಿ 'ಕೈಂಡ್ ಆಫ್ ಬ್ಲೂ' ಎಂಬ ಜಾಝ್ ಆಲ್ಬಂ ತಂದರು. ಅದಕ್ಕೆ 50 ತುಂಬಿದ 2009ರಲ್ಲಿ ಅಮೆರಿಕದ ಸಂಸತ್ತಿನ ಕೆಳಮನೆಯೇ ಗೊತ್ತುವಳಿ ಮಾಡಿ ಗೌರವಿಸಿತು. ಇಂಗ್ಲೆಂಡಿನ ಬೀಟಲ್ಸ್ ತಂಡದ 1967ರ 'ಸಾರ್ಜೆಂಟ್ ಪೆಪ್ಪರ್ಸ್' ಆಲ್ಬಂಗೆ 50 ತುಂಬಿದಾಗ ಹಳೆಯ ಮೂಲ ಟೇಪುಗಳನ್ನು ಹೊರತೆಗೆದು, ಹೊಸದಾಗಿ ಹದಗೊಳಿಸಿ 2017ರಲ್ಲಿ ಮತ್ತೆ ಬಿಡುಗಡೆ ಮಾಡಿದರು.

ಆ 'ಕೈಂಡ್ ಆಫ್ ಬ್ಲೂ'ದೊಂದು ಸಂಗತಿ ನನಗೆ ಬಹಳ ಹಿಡಿಸಿತು. ಹಾಡು ಮುದ್ರಿಸಿಕೊಂಡ ದಿನ ಒಂದು ಟೇಪಿನ ಯಂತ್ರ ಕೊಂಚ ನಿಧಾನವಾಗಿ ಓಡಿತಂತೆ. ಅದರಿಂದ ತಯಾರಾದ ಪ್ಲೇಟಿನ ಮೊದಲ ಬದಿ ಸ್ವಲ್ಪ ವೇಗವಾಗಿ, ಶ್ರುತಿ ಒಂದೆಳೆ ಮೇಲಾಗಿ ಕೇಳುತ್ತಿತ್ತು. ಜನ 30 ವರ್ಷಕ್ಕೂ ಹೆಚ್ಚು ಕಾಲ ಅದನ್ನೇ ಕೇಳಿದರು. ಅದೇ ದಿನ ಪಕ್ಕದ ಯಂತ್ರದಲ್ಲಿ ಇನ್ನೊಂದು ಟೇಪು ಸರಿಯಾದ ವೇಗದಲ್ಲಿ ಓಡಿತ್ತು. ಅದನ್ನು ಯಾರೋ ಜೋಪಾನವಾಗಿ ಎತ್ತಿಟ್ಟಿದ್ದರಿಂದ 1992ರಲ್ಲಿ ತಪ್ಪು ಸರಿಹೋಯಿತು. ಎತ್ತಿಡುವುದು ಅಂದರೆ ಇದು, ನೋಡಿ.

ಈಗ ನಮ್ಮ ಮನೆಯ ಮಾತಿಗೆ ಬರೋಣ. 1978ರಲ್ಲಿ ಹೊರಬಂದ 'ನಿತ್ಯೋತ್ಸವ' ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಎಂದು ಹೆಸರಾದದ್ದು. ಕವಿ ಕೆ.ಎಸ್. ನಿಸಾರ್ ಅಹಮದ್, ರಾಗ ಸಂಯೋಜನೆ ಮೈಸೂರು ಅನಂತಸ್ವಾಮಿಯವರದು. ನಿಸಾರ್ ಅಹಮದರು ದೇವನಹಳ್ಳಿಯವರು. ಓದಿದ್ದು, ಕಾಲೇಜಿನಲ್ಲಿ ಪಾಠ ಹೇಳಿದ್ದು ಭೂವಿಜ್ಞಾನ. ಕಲ್ಲು ಮಣ್ಣಿನ ಶಾಸ್ತ್ರ ಬಲ್ಲ ಕವಿ ಅಂದರೆ ಗಣಿಯೂರಿನ ನಮಗೆ ಇನ್ನೊಂಚೂರು ಹತ್ತಿರ, ಅಲ್ಲವೇ? ಅನಂತಸ್ವಾಮಿಯವರು 1995ರಲ್ಲಿ, ನಿಸಾರ್ ಅಹಮದರು 2020ರಲ್ಲಿ ನಮ್ಮನ್ನು ಅಗಲಿದರು. ಕುವೆಂಪು ಬರೆದ ನಾಡಗೀತೆಯನ್ನು ಅನಂತಸ್ವಾಮಿಯವರ ಧಾಟಿಯಲ್ಲೇ, ಎರಡೂವರೆ ನಿಮಿಷದಲ್ಲಿ ಹಾಡಬೇಕೆಂದು ಸರ್ಕಾರ 2022ರ ಸೆಪ್ಟೆಂಬರಿನಲ್ಲಿ ಗೊತ್ತುಮಾಡಿತು. ನಿಮ್ಮ ಮಕ್ಕಳು ಶಾಲೆಯಲ್ಲಿ ಹಾಡುವುದು ಅದೇ. ಧಾಟಿ ಯಾರದೆಂದು ಒಮ್ಮೆ ಮಕ್ಕಳನ್ನು ಕೇಳಿ ನೋಡಿ.

ಕ್ಯಾಸೆಟ್ಟು ಬಂದದ್ದರಿಂದ ಹೆಂಗಸರಿಗೆ ಆದ ಅನುಕೂಲ ಸಣ್ಣದಲ್ಲ. ರೇಡಿಯೋದಲ್ಲಿ ಹಾಡು ಬರುವ ಹೊತ್ತಿಗೆ ಒಲೆಯ ಮೇಲೆ ಸಾರು ಕುದಿಯುತ್ತಿರುತ್ತಿತ್ತು, ಇಲ್ಲವೇ ನಲ್ಲಿಯಲ್ಲಿ ನೀರು ಬರುತ್ತಿತ್ತು. ಕ್ಯಾಸೆಟ್ಟಾದರೆ ನಮಗೆ ಬಿಡುವಾದಾಗ ಹಾಕಿಕೊಳ್ಳಬಹುದು. ಬೇಕಾದ ಹಾಡನ್ನು ಹಿಂದಕ್ಕೆ ಸುತ್ತಿ ಮತ್ತೆ ಕೇಳಬಹುದು. ನಮ್ಮಮ್ಮ ಓದಿದ್ದು ನಾಲ್ಕನೇ ತರಗತಿ. ಕವಿತೆಯ ಪುಸ್ತಕ ಕೈಯಲ್ಲಿ ಹಿಡಿದವರೇ ಅಲ್ಲ. ಆದರೂ ಅಕ್ಕಿ ಆರಿಸುತ್ತಾ ಕೇಳಿ ಕೇಳಿ ಹತ್ತಾರು ಭಾವಗೀತೆಗಳು ಅವರಿಗೆ ಬಾಯಿಪಾಠವಾಗಿದ್ದವು.

ನಾನು ಹುಟ್ಟಿ ಬೆಳೆದದ್ದು ಕೆ.ಜಿ.ಎಫ್., ಸೇರಿದ ಮನೆ ಬಂಗಾರಪೇಟೆ. ಹಾಡಿಗೆ ಬಡತನವಿಲ್ಲದ ಊರು ಅದು. ಬೆಂಗಳೂರಿಗಿಂತ ಮುಂಚೆ, 1902ರಲ್ಲೇ, ಶಿವನಸಮುದ್ರದಿಂದ ಕರೆಂಟು ಬಂದ ಊರು. ಒಂದೇ ಸಾಲಿನ ಮನೆಗಳಲ್ಲಿ ತಮಿಳು, ತೆಲುಗು, ಕನ್ನಡ, ಉರ್ದು. ಆಚೆ ಆಂಗ್ಲೋ ಇಂಡಿಯನ್ನರ ಮನೆಗಳಲ್ಲಿ ಇಂಗ್ಲಿಷ್ ಹಾಡು. ಗೋಡೆಗೆ ಕಿವಿಯಿಟ್ಟರೆ ಅರ್ಧ ಜಗತ್ತಿನ ಸಂಗೀತ ಕೇಳುತ್ತಿತ್ತು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಆ ತಾರೀಖು ನಮ್ಮಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆಮೇಲೆ ಎಷ್ಟೋ ಮನೆಯವರು ಬೆಂಗಳೂರಿಗೆ, ಇನ್ನೆಲ್ಲಿಗೋ ಹೊರಟರು. ಗಂಟು ಕಟ್ಟುವಾಗ ಪಾತ್ರೆ, ಹಾಸಿಗೆ, ದೇವರ ಪಟ ಹೋದವು. ಪ್ಲೇಟು, ಕ್ಯಾಸೆಟ್ಟುಗಳು ತೂಕದ ಲೆಕ್ಕದಲ್ಲಿ ಹಳೇ ಪೇಪರಿನವನ ಗಾಡಿ ಸೇರಿದವು.

ಹೋದರೆ ಹೋಗಲಿ, ಹಾಡೆಲ್ಲ ಈಗ ಮೊಬೈಲಿನಲ್ಲೇ ಸಿಗುತ್ತಲ್ಲ ಅಂತೀರಾ? ಅಂಗಡಿಯಲ್ಲಿ ಕೊಂಡ ಹಾಡು ಸಿಗುತ್ತದೆ, ನಿಜ. ಮನೆಯವರ ದನಿ ಎಲ್ಲಿ ಸಿಗುತ್ತದೆ ಹೇಳಿ? ನಮ್ಮ ಬೀದಿಯಲ್ಲಿ ಹಿರಿಯರೊಬ್ಬರಿದ್ದಾರೆ. ಅವರ ಅತ್ತೆ ಸೋಬಾನೆ ಪದಗಳಿಗೆ ಹೆಸರಾದವರು. ಕ್ಯಾಸೆಟ್ಟಿನ ಮೇಲಂಚಿನಲ್ಲಿ ಎರಡು ಸಣ್ಣ ಕಿಂಡಿ ಇರುತ್ತವಲ್ಲ, ಅದಕ್ಕೆ ಕಾಗದ ತುರುಕಿ, ಮೇಲೆ ಅಂಟುಪಟ್ಟಿ ಹಚ್ಚಿ, ಭಾವಗೀತೆಗಳು ಮುಗಿದ ಮೇಲೆ ಖಾಲಿ ಉಳಿದ ಜಾಗದಲ್ಲಿ ಆ ಅತ್ತೆಯ ಅರಿಶಿನ ಕುಟ್ಟುವ ಹಾಡುಗಳನ್ನು ತುಂಬಿಸಿಟ್ಟಿದ್ದರು. ಮೊಮ್ಮಗಳ ಮದುವೆ ಗೊತ್ತಾದಾಗ ಅದು ನೆನಪಾಗಿ ಹುಡುಕಿದರು. ಸಿಕ್ಕಿತು. ಆದರೆ ಸುರುಳಿಯ ತುಂಬ ಬಿಳೀ ಬೂಷ್ಟು. ರಿಪೇರಿಯವರು ಬಹಳ ಕಷ್ಟಪಟ್ಟು ಮೂರು ಹಾಡುಗಳನ್ನು ಉಳಿಸಿಕೊಟ್ಟರು. ಉಳಿದದ್ದೆಲ್ಲ ಬರೀ ಗೊರಗೊರ. ಅರಿಶಿನದ ದಿನ ಆ ಮೂರನ್ನು ಹಾಕಿದಾಗ, ಅತ್ತೆಯನ್ನು ಕಂಡೇ ಇರದ ಮದುಮಗಳು ಒರಳಿನ ಮುಂದೆ ಒನಕೆ ಹಿಡಿದು ಸುಮ್ಮನೆ ನಿಂತುಬಿಟ್ಟಳು. ನಾಲ್ಕನೆಯ ಹಾಡು ಯಾವುದಿತ್ತು ಅಂತ ಆ ಹಿರಿಯರು ಈಗಲೂ ಯೋಚಿಸುತ್ತಾರೆ.

ಅದಕ್ಕೇ ನಾನು ಹೇಳುವುದು, ವರ್ಷಕ್ಕೊಂದು ದಿನ ಗೊತ್ತುಮಾಡಿಕೊಳ್ಳಿ. ಹುಟ್ಟುಹಬ್ಬ ಅನ್ನುವ ನೆಪದಲ್ಲಾದರೂ ಡಬ್ಬ ಹೊರಗೆ ಬರಲಿ. ಆ ದಿನ ಮಾಡಬೇಕಾದ್ದು ಇಷ್ಟು:

1. ಮೊದಲು ಮನೆಯವರ ದನಿ ಇರುವ ಕ್ಯಾಸೆಟ್ಟುಗಳನ್ನು ಬೇರೆ ಮಾಡಿ. ಅಂಗಡಿಯ ಕ್ಯಾಸೆಟ್ಟು ಅಂತ ಬದಿಗಿಡುವ ಮುನ್ನ ಎರಡನೇ ಬದಿಯ ಕೊನೆಯವರೆಗೂ ಕೇಳಿ.

2. ವರ್ಷಗಟ್ಟಲೆ ಮುಟ್ಟದ ಕ್ಯಾಸೆಟ್ಟನ್ನು ಒಮ್ಮೆಲೇ ಹಾಕಬೇಡಿ. ಪೆನ್ಸಿಲ್ ತೂರಿಸಿ ಮೆಲ್ಲಗೆ ನಾಲ್ಕು ಸುತ್ತು ತಿರುಗಿಸಿ ನೋಡಿ. ಬಿಗಿಯಾಗಿದ್ದರೆ, ಬಿಳೀ ಪುಡಿ ಕಂಡರೆ ಬಲವಂತ ಮಾಡದೆ ತಿಳಿದವರ ಕೈಗೆ ಕೊಡಿ. ಬೂಷ್ಟು ಒಂದರಿಂದ ಇನ್ನೊಂದಕ್ಕೆ ಹರಡುತ್ತದೆ.

3. ಟೇಪ್ ರೆಕಾರ್ಡರಿನ ಹೆಡ್ಡನ್ನು ಹತ್ತಿಗೆ ಸ್ವಲ್ಪ ಸ್ಪಿರಿಟ್ ಮುಟ್ಟಿಸಿ ಒರೆಸಿ, ಒಣಗಿದ ಮೇಲೆ ಹಾಕಿ. ಸೈನೈಡ್ ದಿಬ್ಬದ ಧೂಳು ಗಾಳಿಗೆ ಏಳುವ ನಮ್ಮ ಕಡೆ ಇದನ್ನು ಮರೆಯಲೇಬಾರದು. ಹಳೇ ಬ್ಯಾಟರಿಯಲ್ಲಿ ನಡೆಸಬೇಡಿ. ಓಟ ನಿಧಾನವಾಗಿ ಅಜ್ಜಿಯ ದನಿ ತಾತನದಾಗುತ್ತದೆ!

4. ಪೇಟೆಯಲ್ಲಿ ವೈರು ಹಾಕಿ ಮೊಬೈಲಿಗೆ ಇಳಿಸಿಕೊಡುವವರಿದ್ದರೆ ಒಳ್ಳೆಯದು. ಇಲ್ಲವಾದರೆ ಸ್ಪೀಕರಿನಿಂದ ಒಂದು ಗೇಣು ದೂರದಲ್ಲಿ ಮೊಬೈಲಿಟ್ಟು, ಫ್ಯಾನು ನಿಲ್ಲಿಸಿ, ಕುಕ್ಕರಿನ ಕೂಗು ಮುಗಿದ ಮೇಲೆ ರೆಕಾರ್ಡ್ ಮಾಡಿ. ಒಂದು ಪ್ರತಿ ನಿಮ್ಮಲ್ಲಿ, ಒಂದು ಪ್ರತಿ ಮಗಳಲ್ಲೋ ತಂಗಿಯಲ್ಲೋ ಇರಲಿ. ಇಳಿಸಿಯಾಯಿತೆಂದು ಮೂಲ ಕ್ಯಾಸೆಟ್ಟನ್ನು ಎಸೆಯಬೇಡಿ.

5. ಕ್ಯಾಸೆಟ್ಟುಗಳನ್ನು ಪೆಟ್ಟಿಗೆಯಲ್ಲಿ ನೆಟ್ಟಗೆ ನಿಲ್ಲಿಸಿ. ಸ್ಪೀಕರಿನ ಹತ್ತಿರ ಬೇಡ, ಅದರೊಳಗಿನ ಅಯಸ್ಕಾಂತ ದನಿ ಅಳಿಸುತ್ತದೆ. ಬಿಸಿಲು, ಒದ್ದೆ ಗೋಡೆ, ಅಡಿಗೆಮನೆಯ ಹೊಗೆ ಯಾವುದೂ ಆಗದು.

6. ಅಜ್ಜನ ಕಾಲದ ಗ್ರಾಮಾಫೋನ್ ಪ್ಲೇಟುಗಳಿದ್ದರೆ ಒಂದರ ಮೇಲೊಂದು ಪೇರಿಸಬೇಡಿ, ಅವನ್ನೂ ನಿಲ್ಲಿಸಿಡಿ. ಅವಕ್ಕೆ ಸ್ಪಿರಿಟ್ ಮಾತ್ರ ಮುಟ್ಟಿಸಲೇಬೇಡಿ. ಅವು ಅರಗಿನಿಂದ ಮಾಡಿದವು, ಸ್ಪಿರಿಟ್ ತಗುಲಿದರೆ ಕರಗುತ್ತವೆ. ಒಣ ಮೆತ್ತನೆ ಬಟ್ಟೆ ಸಾಕು.

ಕೆಲಸ ಮುಗಿದ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಒಂದು ಕ್ಯಾಸೆಟ್ಟು ಹಾಕಿ, ಹೊದಿಕೆಯ ಮೇಲಿನ ಹೆಸರುಗಳನ್ನು ಅವರಿಂದಲೇ ಗಟ್ಟಿಯಾಗಿ ಓದಿಸಿ. ಬರೆದವರು ಯಾರು, ರಾಗ ಹಾಕಿದವರು ಯಾರು, ಹಾಡಿದ ಹೆಣ್ಣುಮಕ್ಕಳು ಯಾರು ಎಂದು. ಮನೆಯ ಕ್ಯಾಸೆಟ್ಟಾದರೆ ಹಾಡಿದವರ ಹೆಸರು, ಊರು, ವರ್ಷವನ್ನು ಚೀಟಿಯಲ್ಲಿ ಬರೆದು ಒಳಗಿಡಿ. ಇದಕ್ಕೆ ವಿಶೇಷ ಅಡುಗೆಯೇನೂ ಬೇಡ. ಒಂದು ಬಟ್ಟಲು ಒಗ್ಗರಣೆ ಅವಲಕ್ಕಿ ಸಾಕು. ಬಂಗಾರಪೇಟೆಯವರಿಗಾದರೆ ನಮ್ಮೂರಿನ ತಿಳಿನೀರಿನ ಪಾನಿಪುರಿ ಇದ್ದೇ ಇದೆ!

ಹರೆಯದ ಮಕ್ಕಳು 'ಹಳೇ ಹಾಡು' ಅಂತ ಮೂಗು ಮುರಿದರೆ ಅವರಿಗೂ ಒಪ್ಪುವ ಹುಟ್ಟುಹಬ್ಬಗಳಿವೆ. ಬೆಂಗಳೂರಿನ ಆರ್.ಎ. ರಮಾಮಣಿಯವರು ಹಾಡಿ, ಅವರ ಪತಿ ಟಿ.ಎ.ಎಸ್. ಮಣಿ ಮೃದಂಗ ನುಡಿಸಿ, ಅಮೆರಿಕದ ಚಾರ್ಲಿ ಮರಿಯಾನೋ ಸ್ಯಾಕ್ಸೋಫೋನ್ ಊದಿದ 'ಜ್ಯೋತಿ' ಎಂಬ ಆಲ್ಬಂ 1983ರಲ್ಲಿ ಜರ್ಮನಿಯಿಂದ ಹೊರಬಂತು. ನಮ್ಮ ಸ್ವರ, ಕೊನ್ನಕೋಲು ಜಾಝ್ ಜೊತೆ ಕೂತದ್ದನ್ನು ಅಲ್ಲಿ ಕೇಳಬಹುದು. ರಾಕ್ ಬೇಕೆನ್ನುವವರಿಗೆ ರಘು ದೀಕ್ಷಿತರ ಮೊದಲ ಆಲ್ಬಂ 2008ರದು. ಶಿಶುನಾಳ ಷರೀಫರ 'ಗುಡುಗುಡಿಯ ಸೇದಿ ನೋಡೋ' ಅದರಲ್ಲಿ ಗಿಟಾರಿನ ಜೊತೆ ಬರುತ್ತದೆ. 2028ಕ್ಕೆ ಅದಕ್ಕೂ 20 ತುಂಬುತ್ತದೆ. 'ನಿತ್ಯೋತ್ಸವ'ದ 50, ಇದರ 20; ತಾಯಿ ಮಕ್ಕಳು ಒಂದೇ ವರ್ಷದಲ್ಲಿ ಎರಡು ಹಬ್ಬ ಮಾಡಬಹುದು.

50 ತುಂಬಿದರೆ ಚಿನ್ನದ ಹಬ್ಬ ಅನ್ನುತ್ತಾರೆ. ಚಿನ್ನಕ್ಕಾಗಿ ನಮ್ಮ ಗಂಡಸರು ಭೂಮಿಯೊಳಗೆ 3 ಕಿಲೋಮೀಟರಿಗಿಂತ ಆಳಕ್ಕೆ ಇಳಿದರು. ನಮಗೆ ಬೇಕಾದದ್ದು ಅಲಮಾರಿನ ಕೆಳಗಿನ ಖಾನೆಯಲ್ಲಿದೆ. ಮಳೆಗಾಲ ಹಿಡಿಯುವ ಮುಂಚೆ ತೆಗೆದುಬಿಡಿ. ನಿಮ್ಮ ಮನೆಯ ಡಬ್ಬದಲ್ಲಿ ಯಾರ ದನಿ ಸಿಕ್ಕಿತು, ಯಾವ ಹಾಡು ಸಿಕ್ಕಿತು ಎಂದು ಪತ್ರಿಕೆಯ ವಿಳಾಸಕ್ಕೆ ನಾಲ್ಕು ಸಾಲು ಬರೆಯಿರಿ. ಸೋಬಾನೆ ಪದವಾದರೆ ಪೂರ್ತಿ ಪಾಠವನ್ನೇ ಬರೆದು ಕಳಿಸಿ. ಯಾರಿಗೆ ಗೊತ್ತು, ನಮ್ಮ ಬೀದಿಯ ಹಿರಿಯರು ಹುಡುಕುತ್ತಿರುವ ಆ ನಾಲ್ಕನೆಯ ಹಾಡು ನಿಮ್ಮ ಅಜ್ಜಿಗೂ ಬರುತ್ತಿದ್ದಿರಬಹುದು.

ಮುಂದಿನ ಸಂಚಿಕೆಯಲ್ಲಿ ಮತ್ತೆ ಸೇರೋಣ.