ಮೂರನೆಯ ತಂತಿ

ಸುಗ್ಗಿಯ ಕೆಲಸಗಳು ತೀರಿ ಶಿವರಾತ್ರಿಯು ಸಮೀಪಿಸಿತೆಂದರೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲೂಕುಗಳ ಹಳ್ಳಿಗಳಲ್ಲಿ ಪೌರಾಣಿಕ ನಾಟಕಗಳ ಕಾಲವು ಮೊದಲಾಗುತ್ತದೆ. ಹಗಲೆಲ್ಲ ಹೊಲದಲ್ಲಿ ದುಡಿದವನು ರಾತ್ರಿ ದುರ್ಯೋಧನನಾಗುತ್ತಾನೆ. ಮಗ್ಗದ ಮನೆಯವನು ಶ್ರೀಕೃಷ್ಣನಾಗುತ್ತಾನೆ. ಹಾರ್ಮೋನಿಯಂ ಮೇಷ್ಟರ ಮುಂದೆ ತಿಂಗಳುಗಟ್ಟಲೆ ಕುಳಿತು ಕಲಿತ ಪದ್ಯಗಳು ಊರಿನ ಕೊನೆಯ ಜಗಲಿಯವರೆಗೂ ಕೇಳಬೇಕು. ಹಿಂದಿನವರು ಇದಕ್ಕೆ ಕಂಠಬಲವನ್ನೇ ನೆಚ್ಚಿದ್ದರು. ಈಗ ಆ ಭಾರವನ್ನು ಮೈಕುಗಳು ಹೊತ್ತಿವೆ. ಈ ಮೈಕುಗಳ ಧ್ವನಿಯನ್ನೂ, ಹಾರ್ಮೋನಿಯಂ, ತಬಲ, ಕ್ಯಾಸಿಯೋಗಳ ಧ್ವನಿಯನ್ನೂ ತಕ್ಕ ಪ್ರಮಾಣದಲ್ಲಿ ಬೆರೆಸಿ ಆಂಪ್ಲಿಫೈಯರಿಗೆ ಕಳುಹಿಸುವ ಯಂತ್ರಕ್ಕೆ ಮಿಕ್ಸರು ಎಂದು ಹೆಸರು. ನಮ್ಮ ಸೋದರಿಯರು ಚಟ್ನಿ ಅರೆಯುವ ಮಿಕ್ಸಿಯು ಬೇರೆ; ಎರಡು ಹೆಸರುಗಳ ಧಾತು ಮಾತ್ರ ಒಂದೇ.

ಇಂಥ ಯಂತ್ರದ ವಿಚಾರವು ಗೃಹಸ್ಥರ ಪತ್ರಿಕೆಗೆ ಏತಕ್ಕೆಂದು ವಾಚಕರು ಕೇಳಬಹುದು. ರಂಗದ ಮೇಲೆ ಮೈಕಿನ ಮುಂದೆ ನಿಲ್ಲುವವರು ನಮ್ಮ ಮನೆಯವರು. ಮೊದಲಿಗೆ ಪ್ರಾರ್ಥನೆಯನ್ನು ಹಾಡುವವರು ನಮ್ಮ ಮಕ್ಕಳು. ವಿದ್ಯುತ್ತನ್ನು ಎಳೆದುಕೊಡುವುದೂ ಬಹುಮಟ್ಟಿಗೆ ರಂಗದ ಪಕ್ಕದ ಮನೆಯಿಂದಲೇ. ಕಾರಣವಿಷ್ಟು ಸಾಲದೆ?

ಸಾಯಂಕಾಲ ತಂತಿಗಳನ್ನೆಲ್ಲ ಜೋಡಿಸಿ ಗುಂಡಿಯನ್ನೊತ್ತಿದೊಡನೆ ಅನೇಕ ವೇಳೆ ಧ್ವನಿವರ್ಧಕದಿಂದ ದುಂಬಿಯ ಝೇಂಕಾರದಂಥ ‘ಗುಂಯ್’ ಎಂಬ ಶಬ್ದವು ಹೊರಡುತ್ತದೆ. ನಮ್ಮ ದೇಶದ ವಿದ್ಯುತ್ತು ಕ್ಷಣಕ್ಕೆ 50 ಆವರ್ತಗಳ ಲೆಕ್ಕದಲ್ಲಿ ದಿಕ್ಕು ಬದಲಿಸುತ್ತಿರುತ್ತದೆ. ಆ 50ರ ಮತ್ತು ಅದರ ಇಮ್ಮಡಿಯಾದ 100ರ ನಾದವೇ ಇದು. ಇದು ಹುಟ್ಟುವುದಕ್ಕೆ ಮುಖ್ಯ ಕಾರಣವೊಂದುಂಟು. ಆಂಪ್ಲಿಫೈಯರು ರಂಗದ ಪಕ್ಕದಲ್ಲಿರುತ್ತದೆ, ಅದಕ್ಕೆ ಒಂದು ಮನೆಯಿಂದ ವಿದ್ಯುತ್ತು. ಮಿಕ್ಸರು ಸಭಿಕರ ಹಿಂದೆ ಇರುತ್ತದೆ, ಅದಕ್ಕೆ ಇನ್ನೊಂದು ಮನೆಯಿಂದ. ಎರಡು ಮನೆಗಳ ಭೂಸಂಪರ್ಕಗಳು ವಿದ್ಯುತ್ತಿನ ದೃಷ್ಟಿಯಲ್ಲಿ ಸಮಮಟ್ಟದಲ್ಲಿರುವುದಿಲ್ಲ. ಮೋಟಾರುಗಳು ಬಿಡುವಿಲ್ಲದೆ ಓಡುವ ದೊಡ್ಡಬಳ್ಳಾಪುರದಂಥ ಮಗ್ಗದ ಊರಿನಲ್ಲಂತೂ ಇರಲಾರವು. ಕೆರೆಗಳೆರಡರ ನಡುವೆ ಕಾಲುವೆ ತೋಡಿದರೆ ಮೇಲಿನ ಕೆರೆಯ ನೀರು ಕೆಳಗಿನದಕ್ಕೆ ಹರಿಯುವಂತೆ, ಮಿಕ್ಸರಿಗೂ ಆಂಪ್ಲಿಫೈಯರಿಗೂ ನಡುವಣ ಧ್ವನಿಯ ತಂತಿಯ ಮೇಲಿನ ಜಾಲರಿ ಹೊದಿಕೆಯಲ್ಲಿ ಈ ಪ್ರವಾಹವು ಹರಿದು ಝೇಂಕರಿಸುತ್ತದೆ.

ಇದಕ್ಕೆ ನಮ್ಮ ಕಡೆಯಲ್ಲಿ ಒಂದು ಸುಲಭೋಪಾಯವು ರೂಢಿಯಲ್ಲಿದೆ. ಮೂರು ಕಡ್ಡಿಗಳ ಪ್ಲಗ್ಗಿನಲ್ಲಿ ದಪ್ಪನಾದ ಮೇಲಿನ ಕಡ್ಡಿಗೆ ಬರುವ ಹಸಿರು ತಂತಿಯನ್ನು, ಎಂದರೆ ಭೂಸಂಪರ್ಕದ ತಂತಿಯನ್ನು, ಕತ್ತರಿಸಿಬಿಡುವುದು. ಗುಂಯ್ಕಾರವು ಥಟ್ಟನೆ ನಿಲ್ಲುತ್ತದೆ, ಕತ್ತರಿಸಿದವನು ಜಾಣನೆನಿಸಿಕೊಳ್ಳುತ್ತಾನೆ. ಈ ಜಾಣತನವು ಪ್ರಾಣಕ್ಕೆ ಎರವಾಗತಕ್ಕದ್ದು.

ಆ ಮೂರನೆಯ ತಂತಿಯು ಶಬ್ದಕ್ಕಾಗಿ ಇಟ್ಟುದಲ್ಲ. ಯಂತ್ರದೊಳಗೆ ತಂತಿಯ ಹೊದಿಕೆಯು ಸವೆದು ಲೋಹದ ಕವಚಕ್ಕೆ ತಗುಲಿತೆನ್ನಿ. ಮೂರನೆಯ ತಂತಿಯಿದ್ದರೆ ವಿದ್ಯುತ್ತು ಅದರ ಮೂಲಕ ರಭಸದಿಂದ ಹರಿದು ಫ್ಯೂಸು ಕರಗಿಹೋಗುತ್ತದೆ. ಅದಿಲ್ಲವಾದರೆ 230 ವೋಲ್ಟುಗಳು ಸದ್ದಿಲ್ಲದೆ ಕವಚದ ಮೇಲೆ ಕಾದುಕೊಂಡಿರುತ್ತವೆ. ಜಾಲರಿ ಹೊದಿಕೆಯನ್ನು ಹಿಡಿದು ಮೈಕಿನ ಲೋಹದ ಮೂತಿಯವರೆಗೂ ಬರುತ್ತವೆ. ನಟನಾದರೋ ಬರಿಗಾಲಿನವನು, ಬೆವರಿದವನು. ಒಂದು ಕೈಯಲ್ಲಿ ಮೈಕನ್ನು ಹಿಡಿದು ಇನ್ನೊಂದರಿಂದ ರಂಗದ ಕಬ್ಬಿಣದ ಕೊಳವೆಯನ್ನು ಮುಟ್ಟಿದರೆ ಪ್ರವಾಹವು ಎದೆಯನ್ನು ಹಾಯ್ದುಹೋಗುತ್ತದೆ. ಆಂಪಿಯರಿನ ನೂರರಲ್ಲೊಂದು ಭಾಗವನ್ನು ಮೀರಿದರೆ ಹಿಡಿದ ಮುಷ್ಟಿಯನ್ನು ಬಿಡಿಸಿಕೊಳ್ಳುವುದೇ ದುಸ್ತರ. ಹತ್ತರಲ್ಲೊಂದು ಭಾಗವು ಹೃದಯದ ಲಯವನ್ನೇ ಕೆಡಿಸಬಲ್ಲದು. ಭರತಮುನಿಯ ನಾಟ್ಯಶಾಸ್ತ್ರದ ಪ್ರಥಮಾಧ್ಯಾಯದಲ್ಲಿ ವಿಘ್ನಗಳು ಬಂದು ನಟರ ಮಾತು, ಚೇಷ್ಟೆ, ಸ್ಮೃತಿಗಳನ್ನು ಸ್ತಂಭನಗೊಳಿಸಿದುವೆಂದೂ, ಇಂದ್ರನು ಧ್ವಜದಂಡದಿಂದ ಅವನ್ನು ಜರ್ಜರಗೊಳಿಸಿದನೆಂದೂ ಕಥೆಯಿದೆ. ಸ್ತಂಭನವೆಂಬ ಆ ಮಾತಿಗೆ ವಿದ್ಯುದಾಘಾತಕ್ಕಿಂತ ಸರಿಯಾದ ಉದಾಹರಣೆಯು ದೊರೆಯಲಾರದು. ಅಂದು ರಂಗವನ್ನು ಕಾದ ಜರ್ಜರದಂಡದ ಸ್ಥಾನದಲ್ಲಿ ಇಂದು ಈ ಹಸಿರು ತಂತಿಯು ನಿಂತಿದೆ, ಅದನ್ನೇ ಕತ್ತರಿಸಬಹುದೆ?

ಹಾಗಾದರೆ ಗುಂಯ್ಕಾರಕ್ಕೆ ಮದ್ದೇನು? ಮೊದಲನೆಯದು, ಎಲ್ಲಕ್ಕೂ ಒಂದೇ ಸ್ಥಳದಿಂದ ವಿದ್ಯುತ್ತನ್ನು ಒದಗಿಸುವುದು. ಸಾಧಾರಣ ಮಿಕ್ಸರಿಗೆ ಬೇಕಾದ ವಿದ್ಯುತ್ತು ಒಂದೆರಡು ಬಲ್ಬುಗಳಿಗೆ ಬೇಕಾದಷ್ಟೇ. ಆದಕಾರಣ ರಂಗದ ಪಕ್ಕದ ಹಲಗೆಯಿಂದಲೇ ಮೂರೆಳೆಯ ಒಳ್ಳೆಯ ತಂತಿಯನ್ನು ಸಭೆಯ ಹಿಂದಕ್ಕೆ ಎಳೆದರಾಯಿತು. ಇನ್ನೊಂದು ಮನೆಯ ಹಂಗೇ ಬೇಡ. ತಂತಿಯನ್ನು ಸುರುಳಿಯಲ್ಲಿಯೇ ಬಿಟ್ಟರೆ ಬಿಸಿಯಾಗುತ್ತದೆ, ಪೂರ್ತಿಯಾಗಿ ಬಿಚ್ಚಬೇಕು. ಬಣ್ಣದ ದೀಪಗಳಿಗೆ ಬೇರೆ ಹಲಗೆಯಿರಲಿ. ವಿದ್ಯುತ್ತಿನ ತಂತಿಯೂ ಧ್ವನಿಯ ತಂತಿಯೂ ಜೊತೆಜೊತೆಯಾಗಿ ಓಡಬಾರದು. ದಾಟಲೇಬೇಕಾದಲ್ಲಿ ಅಡ್ಡಡ್ಡಲಾಗಿ ದಾಟಬೇಕು.

ಎರಡನೆಯದು, ಮೂರು ಕಡ್ಡಿಗಳ ಮೈಕು ತಂತಿಯನ್ನೇ ಬಳಸುವುದು. ಅದರ ಒಂದನೆಯ ಕಡ್ಡಿಯು ಜಾಲರಿಗೆ ಸೇರಿದ್ದು. ಎರಡು ಮೂರನೆಯವುಗಳಲ್ಲಿ ಒಂದೇ ಸ್ವರವು ಅನುಲೋಮವಾಗಿಯೂ ವಿಲೋಮವಾಗಿಯೂ ಹರಿಯುತ್ತದೆ. ದಾರಿಯಲ್ಲಿ ಸೇರಿಕೊಂಡ ಕಲ್ಮಷವಾದರೋ ಎರಡರಲ್ಲಿಯೂ ಅನುಲೋಮವೇ. ಮಿಕ್ಸರು ಒಂದರಿಂದ ಇನ್ನೊಂದನ್ನು ಕಳೆದಾಗ ಸ್ವರವು ಇಮ್ಮಡಿಸುತ್ತದೆ, ಕಲ್ಮಷವು ಸೊನ್ನೆಯಾಗುತ್ತದೆ. ಗಣಿತದ ಇಷ್ಟು ಸೊಗಸಾದ ಪ್ರಯೋಗವನ್ನು ಪಾಠಶಾಲೆಯ ಪುಸ್ತಕಗಳಲ್ಲಿಯೂ ಕಾಣುವುದು ಅಪರೂಪ. ಕ್ಯಾಸಿಯೋವಿಗೆ ಇಂಥ ತಂತಿಯಿಲ್ಲವಾದುದರಿಂದ ನಡುವೆ ಡಿ.ಐ. ಪೆಟ್ಟಿಗೆಯೆಂಬ ಚಿಕ್ಕ ಸಾಧನವನ್ನು ಇಡಬೇಕು. ಅದರ ಮೇಲಿನ ಒಂದು ಗುಂಡಿಯು ಧ್ವನಿಯ ತಂತಿಯ ಜಾಲರಿಯನ್ನು ಮಾತ್ರ ಬಿಡಿಸುತ್ತದೆ, ವಿದ್ಯುತ್ತಿನ ಭೂಸಂಪರ್ಕವನ್ನು ಮುಟ್ಟುವುದಿಲ್ಲ. ಬಿಡಿಸುವುದಿದ್ದರೆ ಬಿಡಿಸತಕ್ಕದ್ದು ಇದನ್ನೇ.

ಇನ್ನು ಭೂಸಂಪರ್ಕವೇ ಸರಿಯಿಲ್ಲದ ಮನೆಗಳುಂಟು. ನಮ್ಮ ನಾಟಕಗಳ ಕಾಲವು ಫಾಲ್ಗುಣ ಚೈತ್ರಗಳು. ಈ ಬಯಲುಸೀಮೆಯ ಮಣ್ಣು ಆಗ ಒಣಗಿ ಬಿರಿದಿರುತ್ತದೆ, ಒಣ ಮಣ್ಣು ವಿದ್ಯುತ್ತನ್ನು ಸುಲಭವಾಗಿ ಹೀರದು. ಅರ್ಥಿಂಗ್ ಗುಂಡಿಗೆ ಆಗಾಗ್ಗೆ ಒಂದೆರಡು ಬಿಂದಿಗೆ ನೀರೆರೆಯುವುದು ವ್ಯರ್ಥಾಚಾರವಲ್ಲ. ಜನರೇಟರು ತಂದರೆ ಅದಕ್ಕೂ ಬಲ್ಲವನಿಂದ ಭೂಸಂಪರ್ಕವನ್ನು ಮಾಡಿಸಬೇಕು. ಕಂಬದ ತಂತಿಗೆ ಕೊಕ್ಕೆ ಹಾಕುವವರ ವಿಷಯದಲ್ಲಿ ಹೇಳುವುದಕ್ಕೇನಿದೆ? ಬೆಸ್ಕಾಂ ಕಚೇರಿಗೆ ಅರ್ಜಿ ಕೊಟ್ಟು ತಾತ್ಕಾಲಿಕ ಸಂಪರ್ಕವನ್ನು ಪಡೆಯುವ ಮಾರ್ಗವಿರುವಾಗ ಕಳವೇತಕ್ಕೆ?

ಹಲಗೆಯಲ್ಲಿ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಎಂಬ ಸಾಧನವನ್ನು ಕೂರಿಸತಕ್ಕದ್ದು. ಇದು ಕಟ್ಟುನಿಟ್ಟಿನ ಶಾನುಭೋಗನಂತೆ. ಹೋದ ವಿದ್ಯುತ್ತಿಗೂ ಹಿಂದಿರುಗಿದುದಕ್ಕೂ ಲೆಕ್ಕ ಹೊಂದದಿದ್ದರೆ ರೆಪ್ಪೆ ಮುಚ್ಚುವುದರೊಳಗೆ ಸರಬರಾಜನ್ನು ನಿಲ್ಲಿಸಿಬಿಡುತ್ತದೆ. ಪರೀಕ್ಷೆಗೆಂದು ಅದರ ಮೇಲೆಯೇ ಒಂದು ಗುಂಡಿಯುಂಟು. ಮಧ್ಯಾಹ್ನವೇ ಒತ್ತಿ ನೋಡಬೇಕು. ಇದನ್ನು ನೆಚ್ಚಿ ಮೂರನೆಯ ತಂತಿಯನ್ನು ಬಿಡಬಾರದು.

ಎಲ್ಲ ಜೋಡಣೆಯನ್ನೂ ಬೆಳಕಿರುವಾಗ, ವಿದ್ಯುತ್ತಿಲ್ಲದಿರುವಾಗ ಮುಗಿಸಬೇಕು. ಮಿಕ್ಸರಿನ ಜಾರುಗುಂಡಿಗಳೆಲ್ಲ ಕೆಳಗಿರಲಿ. ಮೊದಲು ಮಿಕ್ಸರಿಗೆ ಜೀವ ಕೊಟ್ಟು, ಆಂಪ್ಲಿಫೈಯರಿಗೆ ಕಟ್ಟಕಡೆಯಲ್ಲಿ ಕೊಡಬೇಕು. ಕ್ರಮ ತಪ್ಪಿದರೆ ‘ಧಡ್’ ಎಂಬ ಹೊಡೆತಕ್ಕೆ ಧ್ವನಿವರ್ಧಕದ ಪೊರೆಯು ಹರಿದೀತು. ಬೆಳಗಿನ ಜಾವ ಮಂಗಳವಾದ ಮೇಲೆ ಇದರ ವಿಲೋಮವು: ಮೊದಲು ಆಂಪ್ಲಿಫೈಯರು, ಅನಂತರ ಮಿಕ್ಸರು, ಕಡೆಗೆ ಹಲಗೆಯ ಮುಖ್ಯ ಗುಂಡಿ. ಅಷ್ಟು ಹೊತ್ತಿಗೆ ತಂತಿಗಳ ಮೇಲೆ ಇಬ್ಬನಿಯು ಕೂತಿರುತ್ತದೆ; ಒಣಬಟ್ಟೆಯಿಂದ ಒರಸಿಯೇ ಸುತ್ತತಕ್ಕದ್ದು.