ಮೊದಲ ಬೇಸ್ ಕದಿಯೋಕಾಗಲ್ಲ

ಅಂಕಿ-ಅಂಶ ಬಂದು ಬೇಸ್‌ಬಾಲ್‌ನ ಸೊಗಸೇ ಹೋಯ್ತು ಅಂತ ಗೋಳಾಡುವವರಿಗೆ ಒಂದು ಪ್ರಶ್ನೆ. ಅಂಕಿ ನೋಡದೆ ಬ್ಯಾಟಿಂಗ್ ಕ್ರಮ ಬರೆದ ಕಾಲ ಯಾವುದು ಸ್ವಾಮಿ? ಚುರುಕಾಗಿ ಓಡುವವನು ಮೊದಲು, ಅತ್ಯುತ್ತಮ ಬ್ಯಾಟರ್ ಮೂರನೆಯವನು, ಭೀಮ ನಾಲ್ಕನೆಯವನು ಅನ್ನೋ 'ಅನುಭವದ' ಸೂತ್ರವೂ ಕದ್ದ ಬೇಸ್ ಎಷ್ಟು, ಸರಾಸರಿ ಎಷ್ಟು ಅಂತ ಎಣಿಸಿಯೇ ಬಂದದ್ದು. ನನ್ನ ತಕರಾರು ಇಷ್ಟೆ, ಎಣಿಸಿದ್ದು ತಪ್ಪು ಸಾಮಾನನ್ನು.

ಕ್ರಿಕೆಟ್ ನೋಡಿ ಬೆಳೆದ ನಮಗೆ ಓಪನರ್ ಅಂದರೆ ಹೊಸ ಚೆಂಡಿನ ಹೊಳಪು ಕಳೆಯುವವನು. ಇಲ್ಲಿ ಹಾಗಲ್ಲ. ಒಂಬತ್ತು ಜನ ಗಾಣದೆತ್ತಿನಂತೆ ಸುತ್ತುತ್ತಾರೆ. ಒಂಬತ್ತನೆಯವನ ನಂತರ ಮತ್ತೆ ಮೊದಲನೆಯವನೇ. ಒಂಬತ್ತು ಇನ್ನಿಂಗ್ಸ್‌ಗೆ ಇರೋದು 27 ಔಟ್. ಕೊನೆಯ ಔಟ್ ಬಿದ್ದಾಗ ಸುತ್ತು ಯಾರ ಹತ್ತಿರ ನಿಲ್ಲುತ್ತೋ ಹೇಳೋಕಾಗಲ್ಲ. ಹಾಗಾಗಿ 162 ಪಂದ್ಯಗಳ ಸೀಸನ್‌ನಲ್ಲಿ ಒಂದೊಂದು ಮೆಟ್ಟಿಲು ಕೆಳಗಿಳಿದರೆ ಸುಮಾರು 18 ಸರದಿ ಖೋತಾ. ಮೊದಲನೆಯವನಿಗೂ ಒಂಬತ್ತನೆಯವನಿಗೂ 144ರ ಅಂತರ. ಇದಕ್ಕೆ ಕಂಪ್ಯೂಟರ್ ಬೇಕಿಲ್ಲ, ಒಂಬತ್ತರ ಮಗ್ಗಿ ಬಂದರೆ ಸಾಕು. ಈ ಹೆಚ್ಚುವರಿ ಸರದಿಗಳು ಔಟಾಗದೆ ಉಳಿಯುವವನಿಗೆ ಸೇರಬೇಕೋ, ಓಟಗಾರನಿಗೋ?

1986ರಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ನ ವಿನ್ಸ್ ಕೋಲ್‌ಮನ್ 107 ಬೇಸ್ ಕದ್ದ. ಪುಣ್ಯಾತ್ಮ ಓಡಿದ್ದೇ ಓಡಿದ್ದು! ಆದರೆ ಬೇಸ್ ತಲುಪಿದ್ದು ಸಾವಿರಕ್ಕೆ ಬರೀ 301 ಸಲ. ಉಳಿದ ಸುಮಾರು 700 ಸಲ ಔಟಾಗಿ ಹೋಗಿ ಕೂತ. ಎರಡನೆಯ ಬೇಸನ್ನು ಕದಿಯಬಹುದು, ಮೊದಲನೆಯದನ್ನು ಯಾರಾದರೂ ಕದ್ದಿದ್ದಾರಾ?

ಈಗ 2023ರ ಫಿಲಡೆಲ್ಫಿಯಾ ಫಿಲ್ಲೀಸ್‌ಗೆ ಬನ್ನಿ. ಟ್ರೇ ಟರ್ನರ್ 30 ಸಲ ಕದಿಯೋಕೆ ಹೋಗಿ 30 ಸಲವೂ ಗೆದ್ದವನು. ಆದರೂ ಮ್ಯಾನೇಜರ್ ರಾಬ್ ಥಾಮ್ಸನ್ ಹೆಚ್ಚಾಗಿ ಮೊದಲು ಕಳಿಸಿದ್ದು ದಪ್ಪ ದೇಹದ ಕೈಲ್ ಶ್ವಾರ್ಬರ್‌ನನ್ನು. ಶ್ವಾರ್ಬರ್‌ನ ಬ್ಯಾಟಿಂಗ್ ಸರಾಸರಿ 0.197. ಅಯ್ಯೋ ಅಂದ್ರಾ? ಆ ಸರಾಸರಿಯಲ್ಲಿ ವಾಕ್ ಸೇರೋದೇ ಇಲ್ಲ. ನಾಲ್ಕು ಕೆಟ್ಟ ಎಸೆತ ಬಿಟ್ಟುಕೊಟ್ಟು ಪುಕ್ಕಟೆ ಮೊದಲ ಬೇಸ್‌ಗೆ ಹೋಗೋದನ್ನು ಆತ 126 ಸಲ ಮಾಡಿದ್ದ. ಅದನ್ನೂ ಸೇರಿಸಿದರೆ ಸಾವಿರಕ್ಕೆ 343. ಟರ್ನರ್‌ದು 320. ಜೊತೆಗೆ ಶ್ವಾರ್ಬರ್‌ನ 47 ಹೋಮ್‌ರನ್ ಬೇರೆ.

ವಾಕ್ ಬಿಟ್ಟು ಲೆಕ್ಕ ಹಾಕೋ ಈ ಚಾಳಿ ಹತ್ತೊಂಬತ್ತನೆಯ ಶತಮಾನದ್ದು. ಬೇಸ್‌ಬಾಲ್ ಲೆಕ್ಕಪತ್ರಕ್ಕೆ ಅಡಿಪಾಯ ಹಾಕಿದ ಹೆನ್ರಿ ಚಾಡ್ವಿಕ್ ಇಂಗ್ಲೆಂಡಿನಲ್ಲಿ ಹುಟ್ಟಿದವನು, ಕ್ರಿಕೆಟ್ ವರದಿಗಾರ. ವೈಡ್ ರನ್ ಬ್ಯಾಟ್ಸ್‌ಮನ್ ಖಾತೆಗೆ ಹೋಗಲ್ಲ ನೋಡಿ, ಹಾಗೇ ವಾಕ್ ಅಂದರೆ ಪಿಚರ್‌ನ ತಪ್ಪು, ಬ್ಯಾಟರ್‌ನ ಹೆಚ್ಚುಗಾರಿಕೆಯಲ್ಲ ಅನ್ನೋ ನೋಟ. 'ಸಹಜ ಜಾಣ್ಮೆ' ಅಂತ ಕೊಂಡಾಡುವುದರಲ್ಲಿ ಅರ್ಧ ಇಂಥ ಹಳೇ ಲೆಕ್ಕವೇ.

ಇನ್ನು ಲ್ಯಾಪ್‌ಟಾಪ್ ಭಕ್ತರಿಗೂ ಒಂದು ಮಾತು. ಕ್ರಮ ಬದಲಿಸಿದ ಮಾತ್ರಕ್ಕೆ ಕಪ್ ಬರಲ್ಲ ಕಣ್ರಪ್ಪಾ. ಟಾಮ್ ಟ್ಯಾಂಗೊ ಮತ್ತು ಗೆಳೆಯರು 2006ರಲ್ಲಿ 'ದ ಬುಕ್' ಬರೆದು, ಅತ್ಯುತ್ತಮರನ್ನು ಒಂದು, ಎರಡು, ನಾಲ್ಕರಲ್ಲಿ ಆಡಿಸಿ ಅಂದರು. ಮೊದಲ ಇನ್ನಿಂಗ್ಸ್‌ನಲ್ಲಿ ಮೂರನೆಯವನು ಎಷ್ಟೋ ಸಲ ಬರೋದು ಇಬ್ಬರು ಔಟಾಗಿ ಬೇಸ್ ಖಾಲಿ ಇದ್ದಾಗ, ಅದಕ್ಕೆ. ಸರಿಯೇ. ಆದರೆ ಇದರಿಂದ ಇಡೀ ಸೀಸನ್‌ಗೆ ಸಿಗೋದು ಹತ್ತು-ಹದಿನೈದು ರನ್, ಅಂದರೆ ಸುಮಾರು ಒಂದು ಗೆಲುವು.

ಒಂದೇ ಅಲ್ವಾ ಅನ್ನಬೇಡಿ. 2011ರಲ್ಲಿ ಅಟ್ಲಾಂಟಾ ಬ್ರೇವ್ಸ್ ಗೆದ್ದದ್ದು 89, ಕಾರ್ಡಿನಲ್ಸ್ 90. ಬ್ರೇವ್ಸ್ ಮನೆಗೆ ಹೋದರು, ಕಾರ್ಡಿನಲ್ಸ್ ವರ್ಲ್ಡ್ ಸೀರೀಸ್ ಗೆದ್ದರು. ಹೊಸ ಆಟಗಾರನನ್ನು ಕೊಂಡು ಒಂದು ಗೆಲುವು ಹೆಚ್ಚಿಸಿಕೊಳ್ಳೋಕೆ ತಂಡಗಳು ಲಕ್ಷಾಂತರ ಡಾಲರ್ ಸುರಿಯುತ್ತವೆ. ಕ್ರಮ ಬದಲಿಸೋಕೆ ಒಂದು ಪೆನ್ಸಿಲ್ ಸಾಕು.

ಆದರೂ ಮ್ಯಾನೇಜರ್‌ಗಳು ಹೆದರುತ್ತಿದ್ದದ್ದು ಯಾಕೆ? ಹಳೇ ಕ್ರಮದಲ್ಲಿ ಸೋತರೆ ಬೈಗುಳ ಆಟಗಾರನಿಗೆ, ಹೊಸದರಲ್ಲಿ ಸೋತರೆ ಮ್ಯಾನೇಜರ್‌ಗೆ. 1998ರಲ್ಲಿ ಟೋನಿ ಲಾ ರುಸ್ಸಾ ಪಿಚರ್‌ನನ್ನು ಒಂಬತ್ತರಿಂದ ಎಂಟಕ್ಕೆ ತಂದದ್ದು, ಮುಂದಿನ ಸುತ್ತಿನಲ್ಲಿ ಮಾರ್ಕ್ ಮೆಗ್ವೈರ್ ಬರುವಾಗ ಬೇಸ್ ಮೇಲೆ ಇನ್ನೂ ಒಬ್ಬ ಇರಲಿ ಅಂತ. ಆ ಮನುಷ್ಯ ಲ್ಯಾಪ್‌ಟಾಪ್ ಹುಡುಗನಲ್ಲ, ಹಳೇ ಹುಲಿ. ಕ್ರಮ ಅನ್ನೋದು ಸಾಲಲ್ಲ, ಸುತ್ತು ಅಂತ ಗೊತ್ತಿತ್ತು ಅಷ್ಟೆ.