ಗೋಮೂತ್ರ ಹೊಡೆಯುವ ಪಂಪು ಕೊಟ್ಟಿಗೆಯಲ್ಲಿ ಇಡಬ್ಯಾಡ್ರಿ

ಕಳೆದ ಮಳೆಗಾಲದಲ್ಲಿ ಔರಾದ ಕಡೆಯ ಕಾಕಾ ಒಬ್ಬರು ತೊಗರಿಗೆ ಗೋಮೂತ್ರ ಹೊಡೆಯುತ್ತಿದ್ದರು. ಪಂಪಿನ ಹಿತ್ತಾಳೆ ನಟ್ಟು ಉದ್ದಕ್ಕೆ ಸೀಳಿತು, ಔಷಧ ಕೈ-ಮೈಯೆಲ್ಲ ಆಯಿತು. "ಕಾಕಾ, ಪಂಪು ಎಲ್ಲಿಡ್ತೀರಿ?" ಅಂದೆ. "ಕೊಟ್ಟಿಗ್ಯಾಗ, ಮೂತ್ರದ ಡ್ರಮ್ಮಿನ ಬಾಜೂಕ. ಹಿತ್ತಾಳಿಗಿ ಏನಾಗ್ತದ ತಮ್ಮಾ, ತುಕ್ಕು ಹಿಡಿಲಿಕ್ಕ ಅದೇನು ಕಬ್ಬಿಣೇನು?"

ತುಕ್ಕು ಹಿಡಿಯಲ್ಲ, ಖರೆ. ಆದರೆ ಸೀಳ್ತದ. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದಲ್ಲಿದ್ದ ಸೈನ್ಯ ಬಂದೂಕಿನ ತೋಟಾಗಳನ್ನು ಮಳೆಗಾಲದಲ್ಲಿ ಕುದುರೆ ಲಾಯದಲ್ಲಿ ಇಡುತ್ತಿತ್ತು. ಯಾರೂ ಮುಟ್ಟದಿದ್ದರೂ ಹಿತ್ತಾಳೆ ಕೊಳವೆ ಬಿರುಕು ಬಿಡುತ್ತಿದ್ದವು. ಕಾರಣ ಸ್ಪಷ್ಟವಾಗಿದ್ದು 1921ರಲ್ಲಿ: ಕುದುರೆ ಮೂತ್ರದ ಅಮೋನಿಯಾ, ಹವೆಯ ತೇವ, ಕೊಳವೆ ಎಳೆದು ಮಾಡುವಾಗ ಲೋಹದೊಳಗೆ ಉಳಿದ ಬಿಗುವು, ಈ ಮೂರೂ ಕೂಡಿದಾಗ ಹಿತ್ತಾಳೆ ಸೀಳುತ್ತದೆ. ಅದಕ್ಕೇ ಹೊರದೇಶಗಳಲ್ಲಿ ಖಾಲಿ ತೋಟಾ ತೊಳೆದು ಮತ್ತೆ ತುಂಬುವವರಿಗೆ ಅಮೋನಿಯಾ ಇರುವ ಪಾಲಿಶ್ ಹಚ್ಚಬೇಡಿ ಎಂದು ಇಂದಿಗೂ ಹೇಳುತ್ತಾರೆ.

ನಮ್ಮ ದೇವಣಿ ಆಕಳ ಮೂತ್ರವೂ ಹಾಗೇ. ಹಳೆಯದಾದಷ್ಟು ಯೂರಿಯಾ ಒಡೆದು ಅಮೋನಿಯಾ ಏರುತ್ತದೆ, ಮೂಗಿಗೇ ಗೊತ್ತಾಗ್ತದ. ಬಿಗುವಿಗೇನು ಕಡಿಮೆ? ಸೋರಬಾರದೆಂದು ನಾವೇ ಪಾನಾ ಹಾಕಿ ನಟ್ಟು ಜಗ್ಗಿ ತಿರುವಿರುತ್ತೇವೆ.

ಬೀದರ, ಭಾಲ್ಕಿ ಎಲ್ಲಿ ಸಾವಯವ ತರಬೇತಿಗೆ ಹೋದರೂ 200 ಲೀಟರ್ ಜೀವಾಮೃತಕ್ಕೆ ಬೆಲ್ಲ ಎಷ್ಟು, ಹಿಟ್ಟು ಎಷ್ಟು ಅಂತ ಬಾಯಿಪಾಠ ಮಾಡಿಸ್ತೀವಿ. ಹೊಡೆದ ಮೇಲೆ ಪಂಪು ಹೇಗೆ ತೊಳೆಯಬೇಕು ಅನ್ನೋದು ಯಾರೂ ಹೇಳಲ್ಲ. ನಾನೂ ತರಬೇತಿ ಕೊಟ್ಟವನೇ, ನಾನೂ ಹೇಳಿರಲಿಲ್ಲ. ಇದು ನಮ್ಮದೇ ತಪ್ಪು.

ಹೊಡೆದ ದಿನವೇ ಟ್ಯಾಂಕಿಗೆ ಮೂರು ಸಲ ಶುದ್ಧ ನೀರು ಹಾಕಿ ನಾಜಲ್‌ನಿಂದ ಹೊರಬಿಡಿ. ನಾಜಲ್, ನಟ್ಟು ಬಿಚ್ಚಿ ಹಳೆ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿರಿ. ರಂಧ್ರಕ್ಕೆ ತಂತಿ, ಸೂಜಿ ಹಾಕಬ್ಯಾಡ್ರಿ. ಹಿತ್ತಾಳೆ ಮೆತ್ತಗ, ರಂಧ್ರ ಅಗಲ ಆಗ್ತದ. ಕಲೆ ಇದ್ದರೆ ಹುಣಸೆ ನೀರಲ್ಲಿ ಸ್ವಲ್ಪ ಹೊತ್ತು ಇಟ್ಟು ತೊಳೆಯಿರಿ. ಒಣಗಿಸಿ ಮನೆಯೊಳಗೆ ಇಡಿ. ನಟ್ಟು ಕೈಯಿಂದಲೇ ಬಿಗಿ ಮಾಡಿ. ಸೋರಿದರೆ ವಾಷರ್ ಬದಲಿಸಿ. ಮರೆಯ ಸುತ್ತ ನೀಲಿ-ಹಸಿರು ಕಂಡರೆ ಆ ನಟ್ಟು ನಂಬಬ್ಯಾಡ್ರಿ.

ಹೊಸದು ಕೊಳ್ಳುವವರು ಪ್ಲಾಸ್ಟಿಕ್ ನಾಜಲ್ಲೇ ತಗೊಳ್ಳಿ, ಅಗ್ಗವೂ ಹೌದು. ಕಾಕಾ ಮಾತ್ರ ಮತ್ತೆ ಹಿತ್ತಾಳೆದೇ ತಂದಾರ. ಆದರ ಪಂಪು ಈಗ ಪಡಸಾಲೆಯಲ್ಲಿ ಅದ.